ಬ್ರಾಕ್‌ಸ್ಟೆಡ್ ಗೋಪುರದ ಬಿರುಕು

ಬ್ರಾಕ್‌ಸ್ಟೆಡ್ ಚರ್ಚಿನ ಗಂಟೆಗಳು ಹನ್ನೊಂದು ವರ್ಷ ಸುಮ್ಮನಿದ್ದು ಮತ್ತೆ ಮೊಳಗಲಿದ್ದ ದಿನವೇ ನಾನೂ ನನ್ನ ಅಣ್ಣ ರಾಲ್ಫನೂ ಅಲ್ಲಿಗೆ ಹೋದೆವು. ಗಂಟೆ ಕೇಳಬೇಕೆಂದು ಹೋದದ್ದಲ್ಲ. ನಮ್ಮ ಪಟ್ಟಿಯಲ್ಲಿ ಆ ಶನಿವಾರ ಅದರ ಸರದಿ ಬಂದಿತ್ತು, ಅಷ್ಟೆ.

ಆರು ವರ್ಷದಿಂದ ನಮ್ಮದು ಇದೇ ರೂಢಿ. ಶನಿವಾರ ಬೆಳಿಗ್ಗೆ ನಾನು ಬ್ರೆಡ್ಡಿನ ನಡುವೆ ಚೀಸು ಇಟ್ಟು ಕಟ್ಟಿಕೊಳ್ಳುತ್ತೇನೆ, ಫ್ಲಾಸ್ಕಿಗೆ ಚಹಾ ಸುರಿಯುತ್ತೇನೆ, ಕಾರು ತೆಗೆಯುತ್ತೇನೆ. ನಮ್ಮ ನಾರ್ಫೋಕ್ ಜಿಲ್ಲೆಯಲ್ಲಿ ಹೊಲಗಳ ನಡುವೆ, ಇಲ್ಲಿಗೆ ದಾರಿಯೇ ಇಲ್ಲವೇನೋ ಅನ್ನಿಸುವ ಕಡೆಗಳಲ್ಲಿ, ಆರೇಳು ನೂರು ವರ್ಷದ ಚರ್ಚುಗಳು ನಿಂತಿವೆ. ಕೆಲವಕ್ಕೆ ಸುತ್ತಲಿನ ಊರೇ ಉಳಿದಿಲ್ಲ. ನಾನು ಮೂವತ್ತೊಂದು ವರ್ಷ ಅಂಚೆ ಹಂಚಿದವಳು. ದಾರಿಯೂ ಗೊತ್ತು, ಯಾವ ಚರ್ಚಿನ ಕೀಲಿ ಯಾರ ಮನೆಯಲ್ಲಿರುತ್ತದೆ ಎಂಬುದೂ ಗೊತ್ತು. ರಾಲ್ಫ್ ನಲವತ್ತು ವರ್ಷ ಕಲ್ಲುಕೆಲಸದ ಮೇಸ್ತ್ರಿಯಾಗಿದ್ದ. ಈ ಚರ್ಚುಗಳಲ್ಲಿ ಅರ್ಧಕ್ಕಾದರೂ ಅವನ ಕೈ ತಾಗಿದೆ.

ಅವನನ್ನು ಮನೆಯಿಂದ ಹೊರಗೆಳೆಯಲೆಂದೇ ನಾನು ಈ ತಿರುಗಾಟ ಶುರುಮಾಡಿದ್ದು. ಒಂಬತ್ತು ವರ್ಷದ ಹಿಂದೆ ಸ್ನೆಲ್‌ಬರಿ ಎಂಬ ಊರಿನ ಚರ್ಚಿನ ಗೋಡೆ ನೋಡಿ ರಾಲ್ಫ್, ಇದು ನಿಲ್ಲುವುದಿಲ್ಲ, ಜನರನ್ನು ಒಳಗೆ ಬಿಡಬೇಡಿ ಎಂದಿದ್ದ. ಅವನ ಮಾತಿನ ಮೇಲೆ ಬಾಗಿಲಿಗೆ ಬೀಗ ಬಿತ್ತು. ಎರಡು ವರ್ಷದ ನಂತರ ಬಂದ ಎಂಜಿನಿಯರು ಸಣ್ಣ ರಿಪೇರಿ ಮಾಡಿದ್ದರೆ ಸಾಕಿತ್ತು ಎಂದು ಬರೆದುಕೊಟ್ಟ. ಅಷ್ಟರಲ್ಲಿ ಚಾವಣಿ ಸೋರಿ, ಮರ ಕೊಳೆತು, ಕಟ್ಟಡವನ್ನು ಯಾರೋ ಲಂಡನ್ನಿನವರು ಕೊಂಡು ಮನೆ ಮಾಡಿಕೊಂಡಿದ್ದರು. ಅಲ್ಲಿಂದ ನನ್ನಣ್ಣನಿಗೆ ಸುತ್ತಲಿನ ಹಳ್ಳಿಗಳಲ್ಲಿ ‘ಬೀಗದ ಥರ್ಟಲ್’ ಎಂದು ಹೆಸರಾಯಿತು; ಥರ್ಟಲ್ ನಮ್ಮ ಮನೆತನದ ಹೆಸರು. ಅವನು ಕೆಲಸ ಬಿಟ್ಟ. ಮಾತೂ ಹೆಚ್ಚುಕಡಿಮೆ ಬಿಟ್ಟ. ತಿರುಗಾಟಕ್ಕೆ ನಾನು ಹಾಕಿದ ಷರತ್ತು ಒಂದೇ: ಕಣ್ಣಿಂದ ನೋಡಬೇಕು, ಗೋಡೆಯ ಬಗ್ಗೆ ತೀರ್ಪು ಕೊಡಬಾರದು. ಆರು ವರ್ಷ ಅವನು ಅದನ್ನು ಪಾಲಿಸಿದ.

ನಾವು ಬ್ರಾಕ್‌ಸ್ಟೆಡ್ ತಲುಪಿದಾಗ ಹನ್ನೆರಡು ದಾಟಿತ್ತು. ಹಿಂದೆ ಅದು ಸನ್ಯಾಸಿಗಳ ದೊಡ್ಡ ಮಠ. ಐನೂರು ವರ್ಷದ ಹಿಂದೆ ಅಂದಿನ ರಾಜ ಮಠಗಳನ್ನೆಲ್ಲ ಒಡೆಸಿದಾಗ ಪಡುವಣ ಅರ್ಧ ಮತ್ತು ಗೋಪುರ ಮಾತ್ರ ಊರಿನ ಚರ್ಚಾಗಿ ಉಳಿದಿವೆ. ಮಿಕ್ಕಿದ್ದು ಹಿಂದಿನ ಹುಲ್ಲುಗಾವಲಿನಲ್ಲಿ ಮುರಿದ ಕಮಾನುಗಳಾಗಿ ನಿಂತಿದೆ, ಸಂದಿನಲ್ಲಿ ದನ ಮೇಯುತ್ತವೆ. ಒಳಗೆ ಹೆಂಗಸರು ಗೋಪುರದ ಕಮಾನಿನ ಕೆಳಗೇ ಉದ್ದುದ್ದ ಮೇಜು ಜೋಡಿಸಿ ಬಿಳಿ ಬಟ್ಟೆ ಹಾಸುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಗೋಪುರದ ಎಂಟೂ ಗಂಟೆಗಳನ್ನು ಒಟ್ಟಿಗೆ ಬಾರಿಸುವರು, ಕೆಳಗೆ ತೊಂಬತ್ತು ಜನಕ್ಕೆ ಚಹಾ, ಕೇಕು. ಅಲ್ಲಿಯವರೆಗೆ ಯಾರು ಬೇಕಾದರೂ ಗೋಪುರ ಹತ್ತಿ, ಗಂಟೆ ಬಾರಿಸುವವರು ನಿಲ್ಲುವ ಹಗ್ಗದ ಕೋಣೆ ನೋಡಬಹುದೆಂದು ಬಾಗಿಲಲ್ಲಿ ಬರೆದು ಹಚ್ಚಿದ್ದರು.

ಸುರುಳಿ ಮೆಟ್ಟಿಲಲ್ಲಿ ರಾಲ್ಫ್ ಮುಂದೆ, ನಾನು ಹಿಂದೆ. ಇಪ್ಪತ್ತು ಮೆಟ್ಟಿಲು ಹತ್ತಿರಬೇಕು, ಅವನು ನಿಂತುಬಿಟ್ಟ. ಮೊಣಕಾಲು ನೋವೇ ಎಂದು ಕೇಳಿದೆ. ಅವನ ಅಂಗೈ ಗೋಡೆಯ ಮೇಲಿತ್ತು.

ಅಲ್ಲೊಂದು ಬಿರುಕಿತ್ತು, ಬೆರಳು ತೂರದಷ್ಟು ಸಣ್ಣದು. ಇಪ್ಪತ್ತೆರಡು ವರ್ಷದ ಹಿಂದೆ ರಾಲ್ಫನೇ ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಮೂರು ಪಟ್ಟಿಗಳನ್ನು ಗಾರೆಯಿಂದ ಅಂಟಿಸಿದ್ದ. ಗೋಡೆ ಅಲುಗಿದರೆ ಗಾಜು ಮೊದಲು ಒಡೆಯುತ್ತದೆ. ಗೋಡೆಯನ್ನು ಕಾಯಲು ಮೇಸ್ತ್ರಿಗಳು ಮಾಡುವ ಉಪಾಯ. ಮೂರರಲ್ಲಿ ಎರಡು ಪಟ್ಟಿ ನಟ್ಟನಡುವೆ ಸೀಳಿದ್ದವು. ರಾಲ್ಫ್ ಒಡೆದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನನಗೆ ತೋರಿಸಿದ. ಪಟ್ಟಿಯ ಮೇಲೆ ವರ್ಷಗಳ ಕೊಳೆ, ಒಡೆದ ಅಂಚಿನಲ್ಲಿ ಮಾತ್ರ ಒಂದು ಕಣ ಧೂಳಿಲ್ಲ.

"ಇದು ಒಡೆದಿರೋದು ಇತ್ತೀಚೆಗೆ. ಹೆಚ್ಚಂದ್ರೆ ಒಂದು ವಾರ. ಗಂಟೆ ಯಾವಾಗ ಬಾರಿಸಿ ನೋಡಿದ್ರಂತೆ, ಕೇಳಿದ್ಯಾ?" ಎಂದ.

ಗುರುವಾರ ಒಂದೊಂದಾಗಿ ಬಾರಿಸಿ ನೋಡಿದರೆಂದು ಮೇಜಿನ ಹೆಂಗಸರೊಬ್ಬರು ಹೇಳಿದ್ದು ನನಗೆ ನೆನಪಿತ್ತು. ಹೇಳಿದೆ. ಅವನು ಗಡಿಯಾರ ನೋಡಿಕೊಂಡ. ಹನ್ನೆರಡು ನಲವತ್ತು.

ಕೆಳಗಿಳಿದು ಪಾದ್ರಿಯನ್ನು ಹುಡುಕಿದೆವು. ಪಾದ್ರಿ ಮೆರಿಯಲ್ ಐವತ್ತರ ಆಸುಪಾಸಿನ ಹೆಂಗಸು, ಆರು ಹಳ್ಳಿಗಳ ಚರ್ಚು ನೋಡಿಕೊಳ್ಳುವವರು, ಕೈಯಲ್ಲಿ ಚಮಚಗಳ ಕಟ್ಟು ಹಿಡಿದುಕೊಂಡಿದ್ದರು. ರಾಲ್ಫ್ ಹೇಳಿದ್ದನ್ನು ಅವರು ನಿಂತು ಕೇಳಿದರು. ವಸಂತದಲ್ಲಿ ಎಂಜಿನಿಯರು ಬಂದು ಗೋಪುರ ಗಟ್ಟಿಯಿದೆಯೆಂದು ಸಹಿ ಹಾಕಿದ್ದಾರೆ ಎಂದರು. ಆದರೂ ಆ ಎಂಜಿನಿಯರಿಗೆ ಫೋನು ಮಾಡಿದರು. ಶನಿವಾರ; ಸಂದೇಶ ಬಿಡಿ ಎಂದಿತು ಯಂತ್ರ. ಗಂಟೆಗಾರರ ಮುಖಂಡನನ್ನು ಕರೆಯದೆ ತಾನು ಏನೂ ಹೇಳಲಾರೆ ಎಂದರು ಮೆರಿಯಲ್.

ಮುಖಂಡ ಡೆಸ್ಮಂಡ್ ಅಟಿಂಗ್ ಬಂದ. ಅರವತ್ತರ ಮೇಲಿನ ಆಳು, ಬಾಗಿಲು ತುಂಬುವ ಮೈ. ಈ ಗಂಟೆಗಳನ್ನು ಮತ್ತೆ ಕೂರಿಸುವ ಹಣಕ್ಕಾಗಿ ಹನ್ನೊಂದು ವರ್ಷ ಮನೆಮನೆ ಅಲೆದವನು ಅವನೇ. ರಾಲ್ಫನನ್ನು ಕಂಡ ಕ್ಷಣ ಅವನ ಮುಖ ಬಿಗಿಯಿತು. ಡೆಸ್ಮಂಡ್ ಸ್ನೆಲ್‌ಬರಿಯವನು. ಅವನ ತಾಯಿ ಮದುವೆಯಾದ, ಗಂಡನನ್ನು ಮಣ್ಣು ಮಾಡಿದ ಆ ಚರ್ಚಿಗೆ ಬೀಗ ಬಿದ್ದ ಚಳಿಗಾಲದಲ್ಲೇ ಆಕೆ ತೀರಿಕೊಂಡಿದ್ದಳು. ಪ್ರಾರ್ಥನೆಯನ್ನು ಪೇಟೆಯ ಶವ ಸುಡುವ ಮನೆಯಲ್ಲಿ ಇಪ್ಪತ್ತು ನಿಮಿಷದಲ್ಲಿ ಮುಗಿಸಬೇಕಾಗಿತ್ತು.

"ಇವತ್ತು ಯಾವ ಬಾಗ್ಲಿಗೆ ಬೀಗ ತಂದಿದ್ದೀಯ, ಥರ್ಟಲ್?" ಎಂದ.

ರಾಲ್ಫ್ ಗಾಜಿನ ವಿಷಯ ಹೇಳಿದ. ಡೆಸ್ಮಂಡ್ ಪೂರ್ತಿ ಕೇಳಲೂ ಇಲ್ಲ. ಗಂಟೆಗಳನ್ನು ಕೂರಿಸುವ ಹೊಸ ತೊಲೆಗಳನ್ನು ಅದೇ ಇಕ್ಕಟ್ಟಿನ ಮೆಟ್ಟಿಲಲ್ಲಿ ನಾಲ್ಕು ಜನ ಹೊತ್ತು ಏರಿಸಿದ್ದಾರೆ, ಯಾವುದೋ ತೊಲೆಯ ತುದಿ ತಗುಲಿ ಗಾಜು ಒಡೆದಿದೆ, ಇದಕ್ಕಿಂತ ಸರಳವಾದದ್ದು ಏನಿದೆ ಎಂದು ಮೆರಿಯಲ್‌ಗೆ ವಿವರಿಸಿದ. ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. "ಈ ಮನುಷ್ಯನ ಮಾತು ಕೇಳಿ ನಾವೊಂದು ಚರ್ಚು ಕಳ್ಕೊಂಡಿದ್ದೀವಿ, ಅಮ್ಮಾ. ಎರಡನೇದು ಬೇಡ."

ಮೇಜಿನ ಹೆಂಗಸರು ಕೆಲಸ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಒಬ್ಬಾಕೆ ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು. ನನಗೆ ಅವಮಾನವಾಯಿತು. ರಾಲ್ಫನ ತೋಳು ಹಿಡಿದು ಹೊರಗೆ, ಗೋರಿಗಳ ನಡುವೆ ಕರೆತಂದೆ. ಹೇಳುವುದನ್ನು ಹೇಳಿಯಾಯಿತು, ಇನ್ನು ಹೊರಡೋಣ ಎಂದೆ.

"ನಿನಗೇನನ್ಸುತ್ತೆ ಆಲಿವ್? ತೊಲೆ ತಗುಲಿದ್ದಾ?"

ನಾನು ತಡವರಿಸಿದೆ. ತೊಲೆ ತಗುಲಿರಬಹುದು ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ಸ್ನೆಲ್‌ಬರಿಯಲ್ಲೂ ಅವನು ಇಷ್ಟೇ ಖಚಿತವಾಗಿದ್ದ. ಅದನ್ನು ಅವನು ನನ್ನ ಮುಖದಲ್ಲೇ ಓದಿಕೊಂಡ. ತಿರುಗಿ ಚರ್ಚಿನೊಳಗೆ ನಡೆದ. ನಾನು ಹಿಂದೆಯೇ ಓಡಿದೆ.

ಎಲ್ಲರ ಎದುರು ಅವನು ಮೆರಿಯಲ್‌ಗೆ ಒಂದು ಮಾತು ಮುಂದಿಟ್ಟ. ಹೊಸ ಗಾಜು ಅಂಟಿಸುತ್ತೇನೆ. ಗಾರೆ ಗಟ್ಟಿಯಾಗಲು ಅರ್ಧ ಗಂಟೆ. ಜನರನ್ನೆಲ್ಲ ಹೊರಗೆ ಕಳಿಸಿ ದೊಡ್ಡ ಗಂಟೆಯೊಂದನ್ನೇ ಐದು ನಿಮಿಷ ಬಾರಿಸಲಿ. ಗಾಜು ಉಳಿದರೆ ಎಲ್ಲರ ಮುಂದೆ ತಪ್ಪೊಪ್ಪಿಕೊಂಡು ಹೋಗುತ್ತೇನೆ, ಮತ್ತೆ ಯಾವ ಚರ್ಚಿನ ಬಗ್ಗೆಯೂ ಬಾಯಿ ತೆರೆಯುವುದಿಲ್ಲ. ಒಡೆದರೆ ಇವತ್ತು ಗಂಟೆ ಬೇಡ ಎಂದ.

ತೊಂಬತ್ತು ಜನರ ಚಹಾವನ್ನು ಹುಲ್ಲಿಗೆ ಸಾಗಿಸುವುದೆಂದರೇನು ಎಂದು ಗೊಣಗಾಟ ಎದ್ದಿತು. ಮೆರಿಯಲ್ ಚಮಚದ ಕಟ್ಟನ್ನು ಕೆಳಗಿಟ್ಟು, ಹೊರಗೆ ಬಿಸಿಲಿದೆ, ಕೇಕು ಅಲ್ಲೂ ರುಚಿಯಾಗಿಯೇ ಇರುತ್ತದೆ ಎಂದರು. ಮೇಜುಗಳು ಒಂದೊಂದಾಗಿ ಮುರಿದ ಕಮಾನುಗಳ ಕಡೆಗೆ ಹೊರಟವು. ಡೆಸ್ಮಂಡ್ ಕೋಟು ಬಿಚ್ಚಿ, ದೊಡ್ಡ ಗಂಟೆ ಬಾರಿಸುವವನು ತಾನೇ ಎಂದ; ಬೇರೆ ಗಂಟೆಗಾರರನ್ನು ಗೇಟಿನಾಚೆ ಕಳಿಸಿದ.

ಗೋಡೆಗೆ ತೂಗುಹಾಕಿದ್ದ, ಹಳೆಯ ಪಾದ್ರಿಗಳ ಹೆಸರು ಬರೆದ ಹಾಳೆಯ ಮೇಲಿನ ಗಾಜನ್ನು ರಾಲ್ಫ್ ಚೌಕಟ್ಟಿನಿಂದ ಬಿಡಿಸಿದ. ಗಾಜು ಕೊಯ್ಯುವ ಪುಟ್ಟ ಸಲಕರಣೆ ಅವನ ಜೇಬಿನಲ್ಲೇ ಇತ್ತು. ಆರು ವರ್ಷವೂ ಅದನ್ನು ಹೊತ್ತು ತಿರುಗುತ್ತಿದ್ದನೆಂದು ಆಗ ನನಗೆ ತಿಳಿಯಿತು. ಗಂಟೆ ಕೂರಿಸಿದವರು ಮೆಟ್ಟಿಲ ಕೆಳಗೆ ಬಿಟ್ಟುಹೋಗಿದ್ದ ಚೀಲದಿಂದ ಪ್ಲಾಸ್ಟರು ತೆಗೆದು ಚಹಾದ ಬಟ್ಟಲಲ್ಲಿ ಕಲಸಿದ. ಗಾಜಿನ ಪಟ್ಟಿ ಕೊಯ್ದು ಬಿರುಕಿಗೆ ಅಡ್ಡಲಾಗಿ ಅಂಟಿಸಿದ.

ಎರಡೂವರೆ ದಾಟಿತು. ಡೆಸ್ಮಂಡ್ ರಾಲ್ಫನನ್ನು ಸವರಿಕೊಂಡೇ ಮೇಲೆ ಹತ್ತಿಹೋದ. ರಾಲ್ಫ್ ಇಪ್ಪತ್ತನೇ ಮೆಟ್ಟಿಲಲ್ಲಿ ಟಾರ್ಚು ಹಿಡಿದು ಕುಳಿತ. ನನಗೆ ಹೊರಗೆ ಹೋಗಲು ಹೇಳಿದ. ನಾನು ಹೋಗಲಿಲ್ಲ, ಮೆಟ್ಟಿಲ ಬುಡದ ಬಾಗಿಲಲ್ಲಿ ನಿಂತೆ.

ಗಂಟೆ ಮೊದಲು ಮೆಲ್ಲಗೆ, ಆಮೇಲೆ ನಮ್ಮ ಕಡೆಯ ಗಂಟೆಗಳ ಹಾಗೆ ಬಾಯಿ ಮೇಲಾಗುವವರೆಗೆ ಪೂರ್ತಿ ಸುತ್ತು ಹೊಡೆಯತೊಡಗಿತು. ಮುಕ್ಕಾಲು ಟನ್ನಿನ ಕಂಚು. ಪ್ರತಿ ಸುತ್ತಿಗೂ ನನ್ನ ಕಾಲಡಿಯ ಕಲ್ಲು ಉಸಿರಾಡಿದಂತಾಗುತ್ತಿತ್ತು. ಗೋಪುರ ಓಲಾಡುವುದು ಸಹಜವೇ. ಒಳ್ಳೆಯ ಗೋಪುರ ಮರದಂತೆ ಓಲಾಡುತ್ತದೆ ಎಂದು ರಾಲ್ಫನೇ ಹಿಂದೆ ಹೇಳಿದ್ದ. ಒಂದು ನಿಮಿಷವಾಯಿತು. ಎರಡಾಯಿತು.

"ಏನು ಮೇಸ್ತ್ರಿ, ಇದೆಯಾ ಇನ್ನೂ?" ಮೇಲಿಂದ ಡೆಸ್ಮಂಡನ ದನಿ.

"ಇದೆ. ಬಾರಿಸ್ತಾ ಇರು."

ಗಾಜು ಒಡೆಯಲಿ ಎಂದು ನಾನು ಬೇಡಿಕೊಂಡೆ. ದೇವರ ಮನೆಯಲ್ಲಿ ನಿಂತು ಅದೇ ಮನೆಯ ಗೋಡೆ ಬಿರಿಯಲಿ ಎಂದು ಬೇಡಿಕೊಂಡವಳು ನಾನು. ನಾಚಿಕೆಯಾಯಿತು, ಆದರೂ ನಿಲ್ಲಿಸಲಾಗಲಿಲ್ಲ. ಮೂರು ನಿಮಿಷ ಕಳೆದು ಸ್ವಲ್ಪ ಹೊತ್ತಾಗಿತ್ತು. ಗಂಟೆಯ ಎರಡು ಬಡಿತಗಳ ನಡುವೆ ಸಣ್ಣ ಸದ್ದೊಂದು ಕೇಳಿತು, ಊಟದ ಮೇಜಿನಲ್ಲಿ ಯಾರೋ ಲೋಟಕ್ಕೆ ಚಾಕು ತಾಗಿಸಿದ ಹಾಗೆ.

"ನಿಲ್ಸು," ಎಂದು ರಾಲ್ಫ್ ಕೂಗಿದ. "ಡೆಸ್ಮಂಡ್, ನಿಲ್ಸು. ಹೋಯ್ತು."

ಅಂಥ ಗಂಟೆಯನ್ನು ಹಾಗೆ ತಟ್ಟನೆ ಇಳಿಸಲಾಗುವುದಿಲ್ಲ. ಡೆಸ್ಮಂಡ್ ಮುಂದಿನ ಸುತ್ತಿನಲ್ಲಿ ಅದನ್ನು ಬಾಯಿ ಮೇಲಾಗಿ ನಿಲ್ಲಿಸಿದ. ಹಾಗೆ ನಿಂತ ಗಂಟೆಯನ್ನು ಒಂದು ಮರದ ತುಂಡು ಮಾತ್ರ ಹಿಡಿದಿರುತ್ತದೆ; ಹಾಗೇ ಬಿಟ್ಟುಹೋಗುವುದು ಅಪಾಯ. ಮೆಲ್ಲಗೆ ತೂಗಿ ತೂಗಿ ಇಳಿಸಿಬಿಡಲೇ, ಇಪ್ಪತ್ತು ಸುತ್ತು ಸಾಕು ಎಂದು ಅವನು ಕೇಳಿದ. ಈಗ ಅವನ ದನಿಯಲ್ಲಿ ಹಮ್ಮು ಇರಲಿಲ್ಲ. ಇನ್ನೊಂದು ಸುತ್ತೂ ಬೇಡ, ಹಗ್ಗ ಬಿಟ್ಟು ಇಳಿದು ಬಾ ಎಂದ ರಾಲ್ಫ್.

ಡೆಸ್ಮಂಡ್ ಹಗ್ಗದ ಕೋಣೆಯ ಬಾಗಿಲು ತೆರೆದದ್ದು ನನಗೆ ಕೇಳಿತು. ಅದರ ಬೆನ್ನಿಗೇ ಕಲ್ಲಿದ್ದಲಿನ ಚೀಲ ಸುರುವಿದಂಥ ಸದ್ದು. ಮೆಟ್ಟಿಲ ಸುರುಳಿಯಿಂದ ಬಿಳಿ ಧೂಳು ನನ್ನ ಮುಖಕ್ಕೆ ನುಗ್ಗಿತು. ನಾನು ಅಣ್ಣನ ಹೆಸರು ಹಿಡಿದು ಕೂಗಿದೆ. ಕೆಮ್ಮು ಕೇಳಿತು, ಆಮೇಲೆ ಅವನ ದನಿ: ಇದ್ದೇನೆ, ಹತ್ತಬೇಡ.

ನಾನು ಹತ್ತಿದೆ. ಅವನಿಗಿಂತ ನಾಲ್ಕೇ ಮೆಟ್ಟಿಲು ಮೇಲೆ ಒಳಗೋಡೆಯ ಕಲ್ಲು ಕಳಚಿಕೊಂಡು ದಾರಿ ಎದೆಮಟ್ಟಕ್ಕೆ ತುಂಬಿಹೋಗಿತ್ತು. ಕಳಚಿದ ಜಾಗದಿಂದ ಚಕಮಕಿ ಕಲ್ಲಿನ ಚೂರುಗಳು ಇನ್ನೂ ಉದುರುತ್ತಿದ್ದವು. ಗುಡ್ಡೆಯ ಆಚೆ, ಹಗ್ಗದ ಕೋಣೆಯ ಬಾಗಿಲ ಮೇಲ್ಗಲ್ಲಿನ ಕೆಳಗೆ, ಡೆಸ್ಮಂಡ್ ನಿಂತಿದ್ದ. ಬೇರೆ ದಾರಿಯಿರಲಿಲ್ಲ. ಕಿಟಕಿಗಳು ಬರೀ ಸೀಳು. ಗಂಟೆಗಳನ್ನು ಕೆಳಗಿನಿಂದ ಏರಿಸಲು ಕೋಣೆಯ ನೆಲದಲ್ಲಿದ್ದ ಬಾಗಿಲನ್ನು ಹಲಗೆ ಬಡಿದು ಮುಚ್ಚಿದ್ದರು. ಹೊರಗಿನಿಂದ ಮೆರಿಯಲ್ ಕೂಗಿ ಹೇಳಿದರು: ಅಗ್ನಿಶಾಮಕ ದಳ ಹೊರಟಿದೆ, ಬರಲು ನಲವತ್ತು ನಿಮಿಷ.

ರಾಲ್ಫ್ ಗೋಡೆಗೆ ಅಂಗೈಯಿಟ್ಟು ಕಣ್ಣು ಮುಚ್ಚಿದ. ಆಮೇಲೆ ನನಗೆ ಹೇಳಿದ್ದು ಇಷ್ಟೇ: ನಲವತ್ತು ನಿಮಿಷ ಇದು ಕಾಯುವುದಿಲ್ಲ, ಚಹಾದ ಮೇಜುಗಳ ಕಾಲು, ಹಲಗೆ, ಸಿಕ್ಕಷ್ಟು ತಾ, ಬೇರೆ ಯಾರೂ ಒಳಗೆ ಬರಬಾರದು.

ನಾನು ಓಡಿದೆ. ಹುಲ್ಲಿನ ಮೇಲೆ ಜನ ಬಟ್ಟಲು ಹಿಡಿದು ಕಂಬಗಳಂತೆ ನಿಂತಿದ್ದರು. ಒಂದು ಮೇಜಿನ ಮೇಲಿದ್ದ ಕೇಕುಗಳನ್ನು ಮೆರಿಯಲ್ ಒಂದೇ ಸಲ ಬಟ್ಟೆಸಮೇತ ಎಳೆದು ಕೆಳಗೆ ಹಾಕಿ, ಮೇಜನ್ನು ಮಗುಚಿ, ಕಾಲುಗಳನ್ನು ಒದ್ದು ಬಿಡಿಸಿದರು. ನಾನು ಎರಡೆರಡನ್ನು ಹೊತ್ತುಕೊಂಡು ಮೂರು ಸಲ ಹತ್ತಿ ಇಳಿದೆ. ಅರವತ್ತೆಂಟು ವರ್ಷದ ನನ್ನ ಕಾಲುಗಳಿಗೆ ಅದು ಹೇಗೆ ಸಾಧ್ಯವಾಯಿತೋ ತಿಳಿಯದು.

ರಾಲ್ಫ್ ಹಲಗೆಯನ್ನು ಕಲ್ಲು ಕಳಚಿದ ಗೋಡೆಗೆ ಒತ್ತಿ, ಎದುರಿಗೆ ಮೆಟ್ಟಿಲ ಸುರುಳಿಯ ನಡುಗಂಬದಿಂದ ಮೇಜಿನ ಕಾಲುಗಳನ್ನು ಅಡ್ಡ ಆನಿಸಿ, ಸಂದಿಗೆ ಕಲ್ಲಿನ ಚಕ್ಕೆ ಬಡಿದ. ಆಮೇಲೆ ಗುಡ್ಡೆಯ ಮೇಲ್ಭಾಗದಿಂದ ಕಲ್ಲು ತೆಗೆಯತೊಡಗಿದ. ಯಾವ ಕಲ್ಲು ಮೊದಲು, ಯಾವುದು ಆಮೇಲೆ ಎಂದು ಪ್ರತಿಯೊಂದನ್ನೂ ಯೋಚಿಸಿ ತೆಗೆದು ನನ್ನ ಕೈಗೆ ಕೊಡುತ್ತಿದ್ದ. ನಾನು ಕೆಳಕ್ಕೆ ಉರುಳಿಸುತ್ತಿದ್ದೆ. ಡೆಸ್ಮಂಡ್ ಆಚೆಯಿಂದ ತಾನೂ ಎಳೆಯುತ್ತೇನೆ ಎಂದಾಗ, ತಾನು ಹೇಳಿದ ಕಲ್ಲು ಬಿಟ್ಟು ಬೇರೆಯದನ್ನು ಮುಟ್ಟಬೇಡ ಎಂದ ರಾಲ್ಫ್. ಅವನು ಮುಟ್ಟಲಿಲ್ಲ. ಒಮ್ಮೆ ರಾಲ್ಫ್ ಕೈಯೆತ್ತಿದ. ನಾವು ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಹಲಗೆಯ ಹಿಂದೆ ಮರಳು ಸುರಿಯುವ ಸದ್ದು, ನಿಂತಿತು, ಮತ್ತೆ ಸುರಿಯಿತು, ನಿಂತಿತು. ಅವನು ಮುಂದಿನ ಕಲ್ಲಿಗೆ ಕೈ ಹಾಕಿದ.

ಹೆಚ್ಚೆಂದರೆ ಇಪ್ಪತ್ತೈದು ನಿಮಿಷ ಹಿಡಿದಿರಬೇಕು. ಡೆಸ್ಮಂಡ್ ಕಾಲು ಮುಂದೆ ಮಾಡಿ ಬೆನ್ನ ಮೇಲೆ ಜಾರಿ ಬಂದ. ಸೊಂಟದವರೆಗೆ ಬಂದು ಸಿಕ್ಕಿಕೊಂಡ. ಹೊಟ್ಟೆ ದಾಟಲೊಲ್ಲದು.

"ಉಸಿರು ಬಿಡು," ಎಂದ ರಾಲ್ಫ್. "ಇನ್ನೂ ಬಿಡು. ಕ್ರಿಸ್‌ಮಸ್ಸಿಗೆ ತಿಂದಿದ್ದನ್ನೂ ಸೇರಿಸಿ ಬಿಡು."

"ಬಾಯ್ ಮುಚ್ಕೊಂಡು ಎಳಿಯೋ," ಎಂದ ಡೆಸ್ಮಂಡ್.

ನಾವಿಬ್ಬರೂ ಒಂದೊಂದು ಕಾಲು ಹಿಡಿದು ಎಳೆದೆವು. ಅಂಗಿ ಹರಿಯಿತು, ಬೆನ್ನು ತರಚಿತು, ಆಳು ಈಚೆ ಬಂದ. ಮೆಟ್ಟಿಲು ಇಳಿದು, ಖಾಲಿ ಚರ್ಚನ್ನು ದಾಟಿ, ಬಿಸಿಲಿಗೆ ಬಂದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಒಬ್ಬಾಕೆ ಅಳುತ್ತಿದ್ದಳು. ಮೆರಿಯಲ್ ಮೂವರನ್ನೂ ಹುಲ್ಲಿನ ಮೇಲೆ ಕೂರಿಸಿ ಸಕ್ಕರೆ ಹೆಚ್ಚು ಹಾಕಿದ ಚಹಾ ಕೊಟ್ಟರು.

ಅಗ್ನಿಶಾಮಕದವರ ಕೆಂಪು ಲಾರಿ ಗೇಟಿನಲ್ಲಿ ತಿರುಗುತ್ತಿದ್ದಾಗ ಗೋಪುರದ ಮೆಟ್ಟಿಲ ಮೂಲೆ ಒಳಕ್ಕೆ ಕುಸಿಯಿತು. ಹೊರಗಿಂದ ಹೆಚ್ಚೇನೂ ಕಾಣಲಿಲ್ಲ. ಕಿಟಕಿಯ ಸೀಳುಗಳಿಂದ ಧೂಳು ಬಂತು. ಆ ಅದುರಿಗೆ ದೊಡ್ಡ ಗಂಟೆ ಮರದ ತುಂಡಿನ ಹಿಡಿತ ತಪ್ಪಿ ತಾನಾಗಿ ತಿರುಗಿ, ಯಾರೂ ಹಗ್ಗ ಹಿಡಿಯದೆ ಏಳೆಂಟು ಸಲ ಬಾರಿಸಿ, ಕ್ರಮೇಣ ಸುಮ್ಮನಾಯಿತು. ದನಗಳು ಕಮಾನುಗಳ ಆಚೆಗೆ ಓಡಿಹೋದವು. ಮೂರು ಗಂಟೆಗೆ ತಾವೆಲ್ಲ ಎಲ್ಲಿ ಕುಳಿತಿರುತ್ತಿದ್ದೆವು ಎಂದು ಪ್ರತಿಯೊಬ್ಬರೂ ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ.

ಡೆಸ್ಮಂಡ್ ಗೋಪುರವನ್ನೇ ನೋಡುತ್ತ, ರಾಲ್ಫನ ಕಡೆ ತಿರುಗದೆ ಕೇಳಿದ:

"ಸ್ನೆಲ್‌ಬರಿಲೂ ಇದೇ ತರಾನಾ? ನಿಂದೇ ಸರಿ ಇತ್ತಾ?"

ಹೌದು ಎಂದುಬಿಡು ಎಂದು ನಾನು ಒಳಗೇ ಅಂದುಕೊಂಡೆ. ಆ ಗಳಿಗೆಯಲ್ಲಿ ಹೌದೆಂದಿದ್ದರೆ ಅಲ್ಲಿದ್ದವರೆಲ್ಲ ನಂಬುತ್ತಿದ್ದರು.

"ಗೊತ್ತಿಲ್ಲ," ಎಂದ ರಾಲ್ಫ್. "ಅವತ್ತು ಬೀಳುತ್ತೆ ಅಂತಾನೇ ಅನ್ಸಿತ್ತು. ಬೀಳಲಿಲ್ಲ. ನಿಮ್ಮಮ್ಮನ ವಿಷಯ ನಂಗೆ ಆಮೇಲೆ ಗೊತ್ತಾಯ್ತು. ಬಂದು ಮಾತಾಡ್ಬೇಕಿತ್ತು. ಬರಲಿಲ್ಲ."

ಡೆಸ್ಮಂಡ್ ತಲೆಯಾಡಿಸಿದ. ಕ್ಷಮಿಸಿದೆ ಎಂದೂ ಹೇಳಲಿಲ್ಲ, ಕೈಯನ್ನೂ ಚಾಚಲಿಲ್ಲ. ತನ್ನ ಬಟ್ಟಲಿನ ಪಕ್ಕ ಇದ್ದ ಕೇಕಿನ ತಟ್ಟೆಯನ್ನು ಅವನ ಕಡೆ ಸ್ವಲ್ಪ ಸರಿಸಿದ. ಹುಲ್ಲಿಗೆ ಬಿದ್ದು ಎತ್ತಿದ್ದ ಕೇಕು ಅದು. ರಾಲ್ಫ್ ಒಂದು ತುಂಡು ತಿಂದ.

ಮುಂದೆ ಎಂಜಿನಿಯರುಗಳು ಬಂದು ನೋಡಿದರು. ಆ ಗೋಡೆಗೆ ಎರಡೂ ಕಡೆ ಮುಖ ಮಾತ್ರ ಕಲ್ಲು, ಒಳಗೆ ತುಂಬಿದ್ದ ಗಾರೆ ಯಾವ ಕಾಲದಲ್ಲೋ ಪುಡಿಯಾಗಿ ಕೆಳಗಿಳಿದು ಟೊಳ್ಳಾಗಿತ್ತಂತೆ. ಈಗ ಗೋಪುರದ ಸುತ್ತ ಸಾರುವೆ ಕಟ್ಟಿದ್ದಾರೆ. ಎಂಟು ಗಂಟೆಗಳೂ ಡೆಸ್ಮಂಡನ ಕಣಜದಲ್ಲಿ, ಹುಲ್ಲಿನ ಪಿಂಡಿಗಳ ನಡುವೆ ಕುಳಿತಿವೆ. ಕೆಲಸಕ್ಕೆ ಬಂದ ಹೊಸ ಮೇಸ್ತ್ರಿಗಳಿಗೆ ಹಳೆಯ ಸುಣ್ಣದ ಗಾರೆ ಕಲಸುವ ಹದ ತೋರಿಸಿಕೊಡಲು ರಾಲ್ಫ್ ವಾರಕ್ಕೆ ಮೂರು ದಿನ ಹೋಗುತ್ತಾನೆ. ಬರುವಾಗ ಉಗುರುಗಳಲ್ಲಿ ಸುಣ್ಣ ಇರುತ್ತದೆ.

ಅಂದು ಸಂಜೆ ಕಾರಿನಲ್ಲಿ ಮನೆಗೆ ಮರಳುವಾಗ ಹತ್ತು ಮೈಲಿ ದಾಟಿದ ಮೇಲೆ ನಾನೇ ಹೇಳಿದೆ.

"ನಾನು ನಿನ್ನ ನಂಬಿರಲಿಲ್ಲ, ರಾಲ್ಫ್. ತೊಲೆ ತಗುಲಿದ್ದು ಅಂತಾನೇ ಅಂದ್ಕೊಂಡಿದ್ದೆ."

"ಗೊತ್ತು," ಎಂದ. "ಗೋಡೆ ಮುಟ್ಟಿದಾಗ ನಂಗೂ ಪೂರ್ತಿ ನಂಬಿಕೆ ಇರಲಿಲ್ಲ. ಅದಕ್ಕೇ ಅಲ್ವಾ ಗಾಜು ಹಾಕಿದ್ದು."